ಹೊಟ್ಟೆ ಮೇಲೆ ಹೊಡೆಯುವ ಮುನ್ನ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಇಷ್ಟು ದಿನ ಇನ್‌ಸ್ಟಾಗ್ರಾಂನಲ್ಲೋ ಫೇಸ್‌ಬುಕ್‌ನಲ್ಲೋ ನಿಮ್ಮ ಬೆನ್ನು ಬಿದ್ದಿದ್ದ ಆಸಾಮಿ ಎಲ್ಲಿ ಕೆಲಸ ಮಾಡುತ್ತಾನೆಂದು ಕೊನೆಗೂ ಪತ್ತೆಯಾಗಿದೆ. ಕಷ್ಟವೇನೂ ಆಗಿರಲಿಕ್ಕಿಲ್ಲ. ರಾತ್ರಿ ಹನ್ನೊಂದೂವರೆಗೆ ನಿಮ್ಮ ಇನ್‌ಬಾಕ್ಸಿಗೆ ಬಂದು ಬಾಯಿಗೆ ಬಂದಂತೆ ಬೈದವನು ಬೆಳಿಗ್ಗೆ ಲಿಂಕ್ಡ್‌ಇನ್‌ನಲ್ಲಿ ಟೈ ಕಟ್ಟಿಕೊಂಡು ನಿಂತಿರುತ್ತಾನೆ. ತಂಡವನ್ನು ಮುನ್ನಡೆಸುವುದೇ ತನ್ನ ಉಸಿರು ಎಂದು ಬರೆದುಕೊಂಡಿರುತ್ತಾನೆ. ಮಹಿಳಾ ದಿನವಾದ ಮಾರ್ಚ್ 8ರಂದು ನೇರಳೆ ಬಣ್ಣದ ಪೋಸ್ಟರೊಂದನ್ನು ತಪ್ಪದೆ ಹಂಚಿಕೊಂಡಿರುತ್ತಾನೆ. ಎರಡೂ ಕಡೆ ಅದೇ ಫೋಟೊ, ಅದೇ ಕೂಲಿಂಗ್ ಗ್ಲಾಸು.

ಈಗ ನಿಮ್ಮ ಕೈಗೆ ಬಂದಿರುವ ಸಾಧನದ ಹೆಸರು ‘ಬಾಸ್‌ಗೆ ಹೇಳಿಬಿಡ್ತೀನಿ’. ಮಿಕ್ಸಿಯ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ, ಜಾರ್ ಸಿಡಿದ ಮೇಲೆ ಅಟ್ಟದಲ್ಲಿ ಹುಡುಕುತ್ತಾರೆ. ಇದನ್ನು ದಯವಿಟ್ಟು ಮೊದಲೇ ಓದಿ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಸ್ಕ್ರೀನ್‌ಶಾಟ್. ನ್ಯಾಯವಾದ ಸಿಟ್ಟು, ಬೇಕಾದಷ್ಟು. ‘ಬಿಡಬೇಡ, ಕಂಪನಿಯನ್ನ ಟ್ಯಾಗ್ ಮಾಡು’ ಎನ್ನುವ ಸೋದರಸಂಬಂಧಿ ಒಬ್ಬ. ‘ಹೋಗಲಿ ಬಿಡಮ್ಮ, ಬ್ಲಾಕ್ ಮಾಡಿಬಿಡು’ ಎನ್ನುವ ಚಿಕ್ಕಪ್ಪ ಒಬ್ಬರು. ಇಬ್ಬರೂ ಉಚಿತ, ಇಬ್ಬರನ್ನೂ ವಾಪಸು ಕೊಡಲಾಗುವುದಿಲ್ಲ. ಹಾಗೆಯೇ ತಲೆತಲಾಂತರದಿಂದ ನಮ್ಮ ಕಿವಿಯಲ್ಲಿರುವ ಒಂದು ಮಾತು: ಬೆನ್ನ ಮೇಲೆ ಹೊಡೆದರೂ ಹೊಟ್ಟೆ ಮೇಲೆ ಹೊಡೆಯಬಾರದು.

ಸಾಧನ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಅದೂ ಹೆದರಿಕೆಯಾಗುವಷ್ಟು ವೇಗವಾಗಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಬ್ಬ ವ್ಯಕ್ತಿಗೆ ಸಂದೇಶವೊಂದು ಬಂತು. ಹೆಂಡತಿಗೆ ಸರಿಯಾಗಿ ಬಟ್ಟೆ ಹಾಕಿಕೊಳ್ಳಲು ಹೇಳು, ಇಲ್ಲವಾದರೆ ಮುಖಕ್ಕೆ ಆಸಿಡ್ ಬಿದ್ದೀತು ಎಂಬುದು ಅದರ ಸಾರಾಂಶ. ಗಂಡ ಅದನ್ನು ಎಕ್ಸ್‌ನಲ್ಲಿ ಹಾಕಿ ಪೊಲೀಸ್ ಮಹಾನಿರ್ದೇಶಕರನ್ನೂ ಮುಖ್ಯಮಂತ್ರಿಯನ್ನೂ ಕರೆದ. ನೋಡುನೋಡುತ್ತಿದ್ದಂತೆ ಜನ ಕಳಿಸಿದವನ ಕಂಪನಿಯನ್ನು ಹುಡುಕಿ ತೆಗೆದರು. ಕಂಪನಿ ಅವನನ್ನು ಐದು ವರ್ಷದ ಮಟ್ಟಿಗೆ ಕೆಲಸದಿಂದ ತೆಗೆದಿರುವುದಾಗಿಯೂ ದೂರು ಕೊಟ್ಟಿರುವುದಾಗಿಯೂ ಪ್ರಕಟಿಸಿತು. ಈ ಐದು ವರ್ಷದ ಲೆಕ್ಕ ಯಾವ ಪುಸ್ತಕದಲ್ಲಿದೆಯೋ, ಇಂದಿಗೂ ನನಗೆ ಬಗೆಹರಿದಿಲ್ಲ. ಆಸಿಡ್‌ನ ಮಾತಾಡಿದವನು ಆರನೇ ವರ್ಷ ಬಂದು ಪಂಚಿಂಗ್ ಮಾಡಬಹುದೇ?

ಇದಕ್ಕೂ ಒಂಬತ್ತು ವರ್ಷ ಮೊದಲು, 2015ರಲ್ಲಿ, ಆಸ್ಟ್ರೇಲಿಯಾದ ಲೇಖಕಿ ಕ್ಲೆಮೆಂಟೈನ್ ಫೋರ್ಡ್ ತಮ್ಮ ಫೇಸ್‌ಬುಕ್ ಪುಟದಲ್ಲಿ ಹೊಲಸು ಮಾತಾಡಿದವನ ಉದ್ಯೋಗದಾತರಿಗೆ ತಿಳಿಸಿದಾಗಲೂ ಅವನ ಕೆಲಸ ಹೋಯಿತು. ಅದರ ಬೆನ್ನಿಗೇ ಫೋರ್ಡ್ ಅವರಿಗೆ ಬೈಗುಳದ ಮಹಾಪೂರವೇ ಹರಿದುಬಂತು. ಒಬ್ಬನ ಕೆಲಸ ಕಳೆದವಳು ಎಂಬುದು ಅವರ ಮೇಲಿನ ಹೊಸ ಆಪಾದನೆಯಾಯಿತು. ಸಾಧನದ ಈ ಅಡ್ಡಪರಿಣಾಮವನ್ನು ಪೆಟ್ಟಿಗೆಯ ಮೇಲೆ ಯಾರೂ ಮುದ್ರಿಸುವುದಿಲ್ಲ.

ಮೊದಲು: ಆಸಾಮಿ ಅವನೇ ಹೌದೇ?

ನಿಮಗೆ ಬೈದವನ ಹೆಸರು ಮಂಜುನಾಥ್ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಯಾವ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಾದರೂ ಆ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ, ಒಂದು ಟೇಬಲ್ಲು ಪೂರ್ತಿ ತಿರುಗುತ್ತದೆ. ಹೆಸರು, ಊರು, ಕೂಲಿಂಗ್ ಗ್ಲಾಸು, ಮೂರೂ ಸೇರಿದರೂ ಸಾಕ್ಷಿಯಾಗುವುದಿಲ್ಲ. ಫೋಟೊ ಕದ್ದು ಫೇಕ್ ಅಕೌಂಟ್ ತೆರೆಯಲು ಎರಡು ನಿಮಿಷ ಬೇಕಿಲ್ಲ. ತಾನು ದ್ವೇಷಿಸುವವನ ಫೋಟೊ ಹಾಕಿಕೊಂಡೇ ಬೈಯುವ ಜಾಣರೂ ಇದ್ದಾರೆ.

2021ರ ಟಿ-20 ವಿಶ್ವಕಪ್ಪಿನ ಹೊತ್ತಿಗೆ ವಿರಾಟ್ ಕೊಹ್ಲಿಯ ಹಸುಗೂಸಿನ ಬಗ್ಗೆ ಬರೆಯಲೂ ಬಾರದಂಥ ಬೆದರಿಕೆಯೊಂದು ಟ್ವಿಟರ್‌ನಲ್ಲಿ ಬಂತು. ಅಕೌಂಟು ಪಾಕಿಸ್ತಾನದ್ದೆಂದು ಅನೇಕರು ಕಣ್ಣು ಮುಚ್ಚಿ ನಂಬಿದ್ದರು. ಮುಂಬೈ ಪೊಲೀಸರು ಬೆನ್ನು ಹತ್ತಿ ಹೋಗಿ ಹಿಡಿದದ್ದು ಹೈದರಾಬಾದಿನ ಒಬ್ಬ ಎಂಜಿನಿಯರನ್ನು. ಕೊನೆಗೆ ದೂರು ಕೊಟ್ಟವರೇ ಮುಂದುವರಿಸಲು ಇಷ್ಟಪಡದೆ, 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು. ಹೊರಗಿನಿಂದ ನೋಡುವವರ ಊಹೆ ಒಂದು ದೇಶದಷ್ಟು ದೂರ ತಪ್ಪಬಹುದು ಎಂಬುದಕ್ಕಾಗಿ ಇದನ್ನು ಹೇಳಿದೆ.

ದೆಹಲಿಯದು ಇನ್ನೊಂದು ಬಗೆ. 2015ರಲ್ಲಿ ತಿಲಕ್ ನಗರದ ಸಿಗ್ನಲ್ಲಿನಲ್ಲಿ ಅಸಭ್ಯವಾಗಿ ಮಾತಾಡಿದನೆಂದು ಯುವತಿಯೊಬ್ಬಳು ಯುವಕನ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಿದಳು. ಟೀವಿಯವರು ವಿಚಾರಣೆಗೂ ಮುಂಚೆ ತೀರ್ಪು ಕೊಟ್ಟರು, ಅವನ ಕೆಲಸ ಹೋಯಿತು. 2019ರಲ್ಲಿ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಟೀವಿಯವರು ಅಷ್ಟರಲ್ಲಿ ಬೇರೆ ಯಾರನ್ನೋ ಹಿಡಿದಿದ್ದರು.

ಸ್ಕ್ರೀನ್‌ಶಾಟ್ ತೆಗೆಯುವ ಸರಿಯಾದ ವಿಧಾನ

ಬಹುಪಾಲು ಜನ ತೆಗೆಯುವ ಸ್ಕ್ರೀನ್‌ಶಾಟ್ ಹೀಗಿರುತ್ತದೆ: ನಡುವೆ ಬೈಗುಳ, ಸುತ್ತ ಬೆರಳಿನಲ್ಲಿ ಬರೆದ ಕೆಂಪು ವೃತ್ತ, ಮೇಲೊಂದು ಕೋಪದ ಎಮೋಜಿ. ಚೆನ್ನಾಗಿ ಕಾಣಲೆಂದು ಮೇಲಿನ ಪಟ್ಟಿಯನ್ನು ಕತ್ತರಿಸಿರುತ್ತಾರೆ. ಅದರೊಂದಿಗೆ ಸಮಯ ಹೋಯಿತು. ಪಕ್ಕವನ್ನು ಕತ್ತರಿಸಿದಾಗ ಅಕೌಂಟಿನ ಹೆಸರು ಅರ್ಧ ಹೋಯಿತು. ತಾವು ಮೊದಲು ಕೊಟ್ಟ ಉತ್ತರ ಮುಜುಗರವೆನಿಸಿ ಅದನ್ನೂ ಕತ್ತರಿಸಿದರು. ಉಳಿದದ್ದು ಯಾರು ಯಾರಿಗೆ ಯಾವಾಗ ಹೇಳಿದರೆಂದು ತಿಳಿಯದ ಒಂದು ಬೈಗುಳ ಮಾತ್ರ.

ಕತ್ತರಿಸಬೇಡಿ. ಬ್ಯಾಟರಿ ಹದಿನಾಲ್ಕು ಪರ್ಸೆಂಟ್ ಇದ್ದದ್ದೂ ಕಾಣಲಿ. ಮೊದಲ ಸಂದೇಶದಿಂದ ಕೊನೆಯ ಸಂದೇಶದವರೆಗೆ, ನೀವು ಬೈದಿದ್ದರೆ ಅದನ್ನೂ ಸೇರಿಸಿ, ಸಾಲಾಗಿ ತೆಗೆಯಿರಿ. ಪ್ರೊಫೈಲಿನ ಲಿಂಕನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಬ್ಲಾಕ್ ಮಾಡುವುದೇನಿದ್ದರೂ ಆಮೇಲೆ. ಮೂಲ ಸಂದೇಶವನ್ನು ಅಳಿಸಬೇಡಿ, ಫೋನು ಬದಲಿಸುವ ಆಲೋಚನೆಯಿದ್ದರೆ ಮುಂದೂಡಿ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ನಿಮ್ಮ ಕೈಯಲ್ಲಿರುವುದು ಒಳ್ಳೆಯದು.

ಮುಖ್ಯ ಸ್ವಿಚ್ಚು: ಕೆಲಸಕ್ಕೂ ಕಿರುಕುಳಕ್ಕೂ ನಂಟಿದೆಯೇ?

ಇದೇ ಕೈಪಿಡಿಯ ಹೃದಯ. ಉಳಿದದ್ದನ್ನು ಮರೆತರೂ ಅಡ್ಡಿಯಿಲ್ಲ.

ಬಾಸ್‌ಗೆ ಹೇಳುವುದು ಇಂಟರ್ನೆಟ್ ಕಾಲದ ಉಪಾಯವೆಂದು ನೀವು ತಿಳಿದಿದ್ದರೆ, ಮೆಕಾಲೆ ಸಾಹೇಬರು ನಗುತ್ತಾರೆ. ಅವರ ಮುಂದಾಳತ್ವದ ಆಯೋಗ ಕರಡು ಬರೆದು, 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯಲ್ಲಿ ಮಾನಹಾನಿಯ ಕಲಮು 499. ಅದಕ್ಕೆ ಹತ್ತು ವಿನಾಯಿತಿಗಳು. ಎಂಟನೆಯದು ಹೇಳುವುದಿಷ್ಟು: ಒಬ್ಬನ ಮೇಲೆ ಕಾನೂನುಬದ್ಧ ಅಧಿಕಾರ ಇರುವವರ ಬಳಿ, ಆ ಅಧಿಕಾರಕ್ಕೆ ಸಂಬಂಧಿಸಿದ ವಿಷಯದಲ್ಲಿ, ಸದ್ಭಾವನೆಯಿಂದ ದೂರಿದರೆ ಮಾನಹಾನಿಯಾಗದು. ಕೊಟ್ಟ ಉದಾಹರಣೆಗಳು ಮೂರು: ಮ್ಯಾಜಿಸ್ಟ್ರೇಟರ ಮುಂದೆ ದೂರುವುದು, ಆಳಿನ ನಡತೆಯ ಬಗ್ಗೆ ಧಣಿಗೆ ಹೇಳುವುದು, ಮಗುವಿನ ನಡತೆಯ ಬಗ್ಗೆ ಅಪ್ಪನಿಗೆ ಹೇಳುವುದು. ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೂ ಈ ವಿನಾಯಿತಿ 356ನೇ ಕಲಮಿನಲ್ಲಿ ಕಾಲು ಚಾಚಿ ಕೂತಿದೆ.

ಆಸೆ ಪಡುವ ಮುನ್ನ ನಡುವಿನ ಷರತ್ತನ್ನು ಇನ್ನೊಮ್ಮೆ ಓದಿ: ಆ ಅಧಿಕಾರಕ್ಕೆ ಸಂಬಂಧಿಸಿದ ವಿಷಯದಲ್ಲಿ. ಮ್ಯಾನೇಜರಿಗೆ ಮಂಜುನಾಥನ ಒಂಬತ್ತರಿಂದ ಆರರವರೆಗಿನ ಸಮಯದ ಮೇಲೆ ಅಧಿಕಾರವಿದೆ, ಅವನ ಲ್ಯಾಪ್‌ಟಾಪಿನ ಮೇಲಿದೆ, ಗ್ರಾಹಕರ ಪಟ್ಟಿಯ ಮೇಲಿದೆ, ಕಂಪನಿಯ ಹೆಸರಿನಲ್ಲಿ ಅವನು ಆಡುವ ಮಾತಿನ ಮೇಲಿದೆ. ಮಲಗುವ ಕೋಣೆಯಲ್ಲಿ ಕವುಚಿ ಬಿದ್ದುಕೊಂಡು, ತನ್ನದೇ ಫೋನಿನಲ್ಲಿ, ತನ್ನ ಹೀರೋನ ಪರವಾಗಿ ಅವನು ಒದರುವುದರ ಮೇಲೆ ಇದೆಯೇ? ಕೆಲವು ಕಂಪನಿಗಳು ನಡತೆಯ ನಿಯಮಾವಳಿಯಲ್ಲಿ ಅದನ್ನೂ ಸೇರಿಸಿರುತ್ತವೆ. ಸೇರಿಸಿದ ಮಾತ್ರಕ್ಕೆ ನಾನು ಒಪ್ಪಬೇಕಿಲ್ಲ. ಬಾಸುಗಳು ನಮ್ಮ ರಾತ್ರಿಗಳನ್ನು ಈಗಾಗಲೇ ಸಾಕಷ್ಟು ಕಿತ್ತುಕೊಂಡಿದ್ದಾರೆ. ರಾತ್ರಿಯ ಮಾತಿಗೂ ಅವರನ್ನೇ ನ್ಯಾಯಾಧೀಶರನ್ನಾಗಿ ಮಾಡಿದರೆ ನಾಳೆ ನೀವು ಹಾಕುವ ರಾಜಕೀಯದ ಪೋಸ್ಟಿಗೂ ಅದೇ ಕೋರ್ಟು.

ನಂಟು ಇದೆ ಎಂದಾದರೆ ಮಾತ್ರ ಬೇರೆ ಯೋಚನೆ ಬೇಡ, ಹೇಳಿ. ಊಟ ತಂದುಕೊಟ್ಟವನು ಆ್ಯಪ್‌ನಿಂದ ನಿಮ್ಮ ನಂಬರು ತೆಗೆದು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ಹಾಯ್’ ಎಂದರೆ, ಬ್ಯಾಂಕಿನ ಕೌಂಟರಿನಲ್ಲಿ ಕೊಟ್ಟ ಅರ್ಜಿಯಿಂದ ನಿಮ್ಮ ವಿಳಾಸ ಸೋರಿದರೆ, ಮೇಷ್ಟ್ರೊಬ್ಬ ವಿದ್ಯಾರ್ಥಿನಿಯರಿಗೆ ಇನ್‌ಸ್ಟಾದಲ್ಲಿ ಸಂದೇಶ ಕಳಿಸುತ್ತಿದ್ದರೆ, ಉದ್ಯೋಗವೇ ಅವನಿಗೆ ಬಾಗಿಲು ತೆರೆದುಕೊಟ್ಟಿದೆ. ಅದನ್ನು ಮುಚ್ಚಬಲ್ಲವರು ಉದ್ಯೋಗ ಕೊಟ್ಟವರೇ. ಇಂಥಲ್ಲಿ ‘ಪಾಪ, ಹೊಟ್ಟೆಪಾಡು’ ಎಂದು ಸುಮ್ಮನಿರುವುದು ಮುಂದಿನ ಗ್ರಾಹಕಳಿಗೆ, ಮುಂದಿನ ವಿದ್ಯಾರ್ಥಿನಿಗೆ ಮಾಡುವ ದ್ರೋಹ. ಹೊಟ್ಟೆ ಮೇಲೆ ಹೊಡೆಯಬಾರದೆಂಬ ಗಾದೆ ಹೇಳುವುದು ಹೊಡೆಯುವವನ ಕೈ ಬಗ್ಗೆ. ಅನ್ನ ಕೊಡುವ ಕೆಲಸವನ್ನೇ ಕೋಲು ಮಾಡಿಕೊಂಡವನಿಗೆ ಅದು ರಕ್ಷಣೆ ಕೊಡುವುದಿಲ್ಲ.

ಕಿರುಕುಳ ಕೊಡುವವನು ನಿಮ್ಮದೇ ಆಫೀಸಿನವನಾದರೆ ಈ ಸಾಧನವೇ ಬೇಡ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ನಡೆದದ್ದು ಆಫೀಸಿನಲ್ಲಿ ನಡೆದದ್ದಲ್ಲ ಎಂದು ಯಾರಾದರೂ ತೇಲಿಸಲು ನೋಡಿದರೆ ದೂರನ್ನು ಅವರ ಮೇಜಿನ ಮೇಲಿಟ್ಟು ಸ್ವೀಕೃತಿ ಕೇಳಿ. ರಾಜ್ಯ ಸರ್ಕಾರಿ ನೌಕರನಾದರೆ ಕರ್ನಾಟಕದ 2021ರ ನಡತೆ ನಿಯಮಗಳಿವೆ, ಇಲಾಖೆಯ ಮುಖ್ಯಸ್ಥರಿಗೆ ಬರೆಯಬಹುದು. ಉತ್ತರ ಬರುವ ವೇಗದ ಬಗ್ಗೆ ಈ ಕೈಪಿಡಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಸಾಧನ ಹೊಂದಿಕೆಯಾಗದ ಮಾದರಿಗಳು

ನಿರುದ್ಯೋಗಿ. ಸ್ವಂತ ರಿಯಲ್ ಎಸ್ಟೇಟ್ ಆಫೀಸು ಇಟ್ಟುಕೊಂಡವನು. ಬೈಯುವುದಕ್ಕೇ ಸಂಬಳ ಪಡೆಯುವವನು, ಇವನ ಬಾಸ್‌ಗೆ ಹೇಳಿದರೆ ಬಡ್ತಿ ಸಿಗುವ ಸಂಭವವಿದೆ.

ಹದಿನಾಲ್ಕು ವರ್ಷದ ಪುಂಡ ಕೂಡ. ಅವನಿಗೆ ಬಾಸ್ ಇರುವುದು ಮನೆಯಲ್ಲಿ. 2014ರಲ್ಲಿ ವಿಡಿಯೊ ಗೇಮ್‌ಗಳ ವಿಮರ್ಶಕಿ, ಆಸ್ಟ್ರೇಲಿಯಾದ ಅಲಾನಾ ಪಿಯರ್ಸ್ ಅವರಿಗೆ ಅತ್ಯಾಚಾರದ ಬೆದರಿಕೆಗಳು ಬರುತ್ತಿದ್ದವು. ಕಳಿಸುತ್ತಿದ್ದವರಲ್ಲಿ ಹಲವರು ಚಿಕ್ಕ ಹುಡುಗರು. ಪಿಯರ್ಸ್ ಮಾಡಿದ್ದೇನೆಂದರೆ, ಫೇಸ್‌ಬುಕ್‌ನಲ್ಲಿ ಹುಡುಗರ ಅಮ್ಮಂದಿರನ್ನು ಹುಡುಕಿ ಸಂದೇಶಗಳನ್ನು ಅವರಿಗೇ ತೋರಿಸಿದರು. ಮೆಕಾಲೆ ಅಪ್ಪನಿಗೆ ಹೇಳಿ ಎಂದಿದ್ದ. ಅಮ್ಮನಿಗೆ ಹೇಳಿದರೆ ಪರಿಣಾಮ ಹೆಚ್ಚೆಂಬುದು ಅವನಿಗೆ ಹೊಳೆದಿರಲಿಲ್ಲ.

ಇನ್ನೊಂದು ಹೊಂದಾಣಿಕೆಯ ದೋಷವನ್ನು ಹೇಳದೆ ಮುಂದೆ ಹೋಗಲಾರೆ. ಈ ಸಾಧನ ಎಲ್ಲರ ಮೇಲೆ ಒಂದೇ ತೂಕದಲ್ಲಿ ಬೀಳುವುದಿಲ್ಲ. ಡೆಲಿವರಿ ಹುಡುಗನ ಐಡಿ ಒಂದು ಕ್ಲಿಕ್ಕಿನಲ್ಲಿ, ವಿಚಾರಣೆಯಿಲ್ಲದೆ ಬಂದ್ ಆಗಬಹುದು. ವೈಸ್ ಪ್ರೆಸಿಡೆಂಟ್ ಸಾಹೇಬರಿಗೆ ಅದೇ ತಪ್ಪಿಗೆ ‘ಕೌನ್ಸೆಲಿಂಗ್’ ಸಿಗುತ್ತದೆ, ತಿಂಗಳ ಕೊನೆಗೆ ಸಂಬಳವೂ ಬರುತ್ತದೆ. ಪತ್ರ ಕಳಿಸುವ ಮೊದಲು ಇದು ನೆನಪಿರಲಿ.

ಬಳಸುವ ವಿಧಾನ

ತಪ್ಪು ವಿಧಾನ: ಕಂಪನಿಯ ಲೋಗೋ, ಆಸಾಮಿಯ ಫೋಟೊ, ಅವನ ಹೆಂಡತಿ ಮಕ್ಕಳ ಫೋಟೊ, ಎಲ್ಲ ಸೇರಿಸಿ ‘ಇಂಥವರಿಗೆ ಸಂಬಳ ಕೊಡ್ತೀರಾ?’ ಎಂದು ಸಾರ್ವಜನಿಕವಾಗಿ ಟ್ಯಾಗ್ ಮಾಡುವುದು. ಇದು ಧಣಿಗೆ ಹೇಳಿದ ಹಾಗಾಗಲಿಲ್ಲ, ಊರಿಗೆ ಡಂಗುರ ಹೊಡೆಸಿದ ಹಾಗಾಯಿತು. ಎಂಟನೇ ವಿನಾಯಿತಿಯ ಆಸರೆ ಅಲ್ಲಿಗೆ ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಆಮೇಲೆ ವಿಷಯ ನಿಮ್ಮ ಕೈಯಲ್ಲಿರುವುದಿಲ್ಲ. ಕಂಪನಿ ಆಗ ನಿಮ್ಮ ಮಾನದ ಬಗ್ಗೆ ಯೋಚಿಸುವುದಿಲ್ಲ, ತನ್ನ ಲೋಗೋದ ಬಗ್ಗೆ ಯೋಚಿಸುತ್ತದೆ. ಲೋಗೋ ಉಳಿಸಲು ಅವನನ್ನು ತೆಗೆಯಬಹುದು, ನಿಮ್ಮನ್ನು ತೆಗೆಯುವುದು ಸುಲಭವೆನಿಸಿದರೆ ಅದನ್ನೂ ಮಾಡಬಹುದು.

ಉತ್ಪ್ರೇಕ್ಷೆಯೆನಿಸಿತೇ? 2013ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಪೈಕಾನ್ ತಂತ್ರಜ್ಞಾನ ಸಮ್ಮೇಳನದಲ್ಲಿ ಏಡ್ರಿಯಾ ರಿಚರ್ಡ್ಸ್ ಎಂಬ ತಂತ್ರಜ್ಞೆಯ ಹಿಂದೆ ಕೂತಿದ್ದ ಇಬ್ಬರು ದ್ವಂದ್ವಾರ್ಥದ ಜೋಕು ಹೊಡೆದರು. ಆಕೆ ತಿರುಗಿ ಫೋಟೊ ತೆಗೆದು ಟ್ವೀಟ್ ಮಾಡಿದರು. ಒಬ್ಬನನ್ನು ಅವನ ಕಂಪನಿ ತೆಗೆದುಹಾಕಿತು, ಮೂರು ಮಕ್ಕಳ ತಂದೆ ಅವನು. ಅದರ ಸಿಟ್ಟಿಗೆ ಇಂಟರ್ನೆಟ್ಟಿನ ಗುಂಪು ರಿಚರ್ಡ್ಸ್ ಕೆಲಸ ಮಾಡುತ್ತಿದ್ದ ಕಂಪನಿಯ ಜಾಲತಾಣದ ಮೇಲೆ ದಾಳಿ ಮಾಡಿತು. ಕೆಲವೇ ದಿನಗಳಲ್ಲಿ ಅವರ ಕಂಪನಿ ಅವರನ್ನೂ ಮನೆಗೆ ಕಳಿಸಿತು. ನ್ಯಾಯ ಕೇಳಿದವರೂ ಜೋಕು ಹೊಡೆದವರಲ್ಲೊಬ್ಬನೂ ಒಂದೇ ವಾರದಲ್ಲಿ ನಿರುದ್ಯೋಗಿಗಳು.

ಅಮೆರಿಕದ ಮಾಜಿ ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಅವರದು ಇನ್ನೂ ಸ್ವಾರಸ್ಯ. 2015ರಲ್ಲಿ ಮಗಳ ಬಗ್ಗೆ ಟ್ವಿಟರ್‌ನಲ್ಲಿ ಹೊಲಸು ಬರೆದವರನ್ನು ಅವರು ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದರು. ಒಬ್ಬನಿಗೆ ಯಾಂಕೀಸ್ ತಂಡದ ಅರೆಕಾಲಿಕ ಕೆಲಸ ಹೋಯಿತು, ಇನ್ನೊಬ್ಬನನ್ನು ಕಾಲೇಜು ಅಮಾನತು ಮಾಡಿತು. ಅಪ್ಪನ ಸಿಟ್ಟು ಯಾರಿಗೂ ಅರ್ಥವಾಗುವಂಥದ್ದೇ. ಆದರೆ 2016ರ ಏಪ್ರಿಲ್‌ನಲ್ಲಿ ಲಿಂಗಪರಿವರ್ತಿತರ ಬಗ್ಗೆ ತಾವೇ ಫೇಸ್‌ಬುಕ್‌ನಲ್ಲಿ ಅವಹೇಳನಕಾರಿ ಪೋಸ್ಟ್ ಹಂಚಿಕೊಂಡದ್ದಕ್ಕೆ ಶಿಲ್ಲಿಂಗ್ ಅವರನ್ನು ಇಎಸ್‌ಪಿಎನ್ ವಾಹಿನಿ ಕೆಲಸದಿಂದ ತೆಗೆಯಿತು.

ಸರಿಯಾದ ವಿಧಾನ: ಒಂದು ಪತ್ರ, ಒಂದೇ ವಿಳಾಸಕ್ಕೆ. ಮಾದರಿ ಹೀಗಿರಲಿ.

‘ನಮಸ್ಕಾರ. ನಿಮ್ಮ ಶಾಖೆಯ ನೌಕರರೆಂದು ಹೇಳಿಕೊಂಡಿರುವ ಒಬ್ಬರ ಅಕೌಂಟಿನಿಂದ ಈ ತಿಂಗಳ 3ರಿಂದ 9ರವರೆಗೆ ನನಗೆ ಬಂದ ಸಂದೇಶಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಆ ಅಕೌಂಟಿನ ಲಿಂಕ್ ಕೆಳಗಿದೆ. ಸಂದೇಶಗಳಲ್ಲಿ ನಾನು ನಿಮಗೆ ಕೊಟ್ಟ ಅರ್ಜಿಯ ವಿವರಗಳು ಕಾಣುತ್ತವೆ. ಅಕೌಂಟು ಅವರದೇ ಎಂಬುದನ್ನು ನೀವು ಪರಿಶೀಲಿಸಬೇಕು. ನನ್ನ ಮಾಹಿತಿ ಇನ್ನು ಮುಂದೆ ಅವರ ಕೈಗೆ ಸಿಗದಂತೆ ಮಾಡಬೇಕು. ಕೈಗೊಂಡ ಕ್ರಮವನ್ನು ಬರಹದಲ್ಲಿ ತಿಳಿಸಿ.’

ಇದರಲ್ಲಿ ‘ಕೆಲಸದಿಂದ ಕಿತ್ತುಹಾಕಿ’ ಎಂದಿಲ್ಲ, ನೋಡಿ. ಶಿಕ್ಷೆಯನ್ನು ನೀವು ಬರೆಯಬೇಡಿ, ನಡೆದದ್ದನ್ನು ಬರೆಯಿರಿ. ‘ಹೇಳಲೋ ಬೇಡವೋ, ದುಡ್ಡು ಕೊಟ್ಟರೆ ಸುಮ್ಮನಿರುತ್ತೇನೆ’ ಎಂಬ ಅರ್ಥ ಬರುವ ಒಂದು ಅಕ್ಷರವನ್ನೂ ಆಸಾಮಿಗೆ ಕಳಿಸಬೇಡಿ. ಅಲ್ಲಿಗೆ ದೂರುದಾರರು ನೀವಾಗಿರುವುದಿಲ್ಲ.

ಎಚ್ಚರಿಕೆ: ಬೆದರಿಕೆಯಿದ್ದರೆ ಈ ಸಾಧನವನ್ನು ಬದಿಗಿಡಿ

ಆಸಿಡ್, ಅತ್ಯಾಚಾರ, ಕೊಲೆ, ನಿಮ್ಮ ಮನೆಯ ಗೇಟಿನ ಫೋಟೊ, ಮಗಳ ಶಾಲೆಯ ಹೆಸರು. ಇಂಥದ್ದು ಒಂದು ಬಂದರೂ ಎಚ್‌ಆರ್ ಮಾತೇ ಬೇಡ. ಕೆಲಸ ಕಳೆದುಕೊಂಡವನಿಗೆ ಮರುದಿನದಿಂದ ಪುರುಸೊತ್ತು ಜಾಸ್ತಿ, ನಿಮ್ಮ ಹೆಸರೂ ಗೊತ್ತು. ಕಂಪನಿ ಅವನನ್ನು ಗೇಟಿನ ಹೊರಗೆ ಬಿಡಬಲ್ಲದು, ನಿಮ್ಮ ಗೇಟಿನ ಹೊರಗೆ ನಿಲ್ಲದಂತೆ ತಡೆಯಲಾರದು. ಆ ಕೆಲಸ ಪೊಲೀಸರದು. ನ್ಯಾಯ ಸಂಹಿತೆಯ 78ನೇ ಕಲಮು ಹಿಂಬಾಲಿಸುವುದಕ್ಕೆ, ಆನ್‌ಲೈನ್‌ನಲ್ಲಿ ಹೆಣ್ಣಿನ ಬೆನ್ನು ಬೀಳುವುದಕ್ಕೂ, 351ನೇ ಕಲಮು ಬೆದರಿಕೆಗೆ.

ನಟಿ ರಮ್ಯಾ 2025ರ ಜುಲೈನಲ್ಲಿ ಮಾಡಿದ್ದು ಇದನ್ನೇ. ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣದ ಬಗ್ಗೆ ಬರೆದದ್ದಕ್ಕೆ ದರ್ಶನ್ ಅಭಿಮಾನಿಗಳೆಂದು ಹೇಳಿಕೊಂಡವರು ರಮ್ಯಾ ಅವರ ಮೇಲೆ ಅಶ್ಲೀಲ ಸಂದೇಶಗಳ ಮಳೆ ಸುರಿಸಿದರು. ಅವರು 43 ಅಕೌಂಟುಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರರಿಗೆ ದೂರು ಕೊಟ್ಟರು, ಬಂಧನಗಳಾದವು. ಯಾರು ಯಾವ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆಂದು ಅವರು ಹುಡುಕುತ್ತ ಕೂರಲಿಲ್ಲ. ಅವರಿಗೆ ಕಮಿಷನರ ಬಾಗಿಲು ತೆರೆಯಿತು, ನಮ್ಮ ನಿಮ್ಮಂಥವರಿಗೆ ‘ಬ್ಲಾಕ್ ಮಾಡಿಬಿಡಿ ಮೇಡಂ’ ಎನ್ನುತ್ತಾರೆ ಎಂದು ನೀವು ಹೇಳುವುದು ಕೇಳಿಸುತ್ತಿದೆ. ಸುಳ್ಳಲ್ಲ. ಜನ ಬಾಸ್‌ಗಳ ಬೆನ್ನು ಬೀಳುವುದೂ ಅದಕ್ಕೇ: ಠಾಣೆಯಲ್ಲಿ ಆಗದ ಕೆಲಸ ಎಚ್‌ಆರ್ ಇನ್‌ಬಾಕ್ಸಿನಲ್ಲಿ ಮಧ್ಯಾಹ್ನದೊಳಗೆ ಆಗುತ್ತದೆ.

ಆದರೆ ದರ್ಶನ್ ಪ್ರಕರಣದ ಮೊದಲ ಪುಟವನ್ನು ಕನ್ನಡದ ಯಾವ ಓದುಗರೂ ಮರೆತಿಲ್ಲ. ಚಿತ್ರದುರ್ಗದಲ್ಲಿ ಔಷಧ ಅಂಗಡಿಯ ನೌಕರನೊಬ್ಬ ಫೇಕ್ ಅಕೌಂಟಿನಿಂದ ಹೆಣ್ಣೊಬ್ಬಳಿಗೆ ಅಶ್ಲೀಲ ಸಂದೇಶ ಕಳಿಸಿದ. 2024ರ ಜೂನ್‌ನಲ್ಲಿ ಬೆಂಗಳೂರಿನ ರಾಜಕಾಲುವೆಯ ಬಳಿ ಅವನ ಹೆಣ ಸಿಕ್ಕಿತು. ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದು ಕೊಂದರೆಂಬುದು ಪೊಲೀಸರ ಆರೋಪ. ಅದು ನ್ಯಾಯಾಲಯದ ಮುಂದಿದೆ, ತೀರ್ಪು ಅಲ್ಲಿಯೇ ಬರಲಿ. ಅವನು ಕಳಿಸಿದ ಸಂದೇಶ ಅಪರಾಧವೇ. ಅದಕ್ಕೆ ಠಾಣೆಯಿತ್ತು, ಕೋರ್ಟಿತ್ತು. ಅವನಿಗೆ ಹಣೆಪಟ್ಟಿ ಕಟ್ಟಿ ಸತ್ತದ್ದೇ ಸರಿ ಎಂದು ಬರೆದವರ ಸ್ಕ್ರೀನ್‌ಶಾಟುಗಳೂ ಎಲ್ಲೋ ಉಳಿದಿರುತ್ತವೆ. ಅವರೂ ಎಲ್ಲೋ ನೌಕರಿಯಲ್ಲಿದ್ದಾರೆ.

ದೋಷ ನಿವಾರಣೆ

ಎಚ್‌ಆರ್‌ನಿಂದ ‘ನಿಮ್ಮ ಕಾಳಜಿಯನ್ನು ನಾವು ಗಂಭೀರವಾಗಿ ಪರಿಗಣಿಸಿದ್ದೇವೆ’ ಎಂದು ಬಂದರೆ, ಇನ್ನೂ ಓದಿಲ್ಲವೆಂದು ಅರ್ಥ. ಎರಡು ವಾರ ಬಿಟ್ಟು ಎರಡನೇ ಪತ್ರ ಬರೆಯಿರಿ. ‘ನೌಕರನ ಖಾಸಗಿ ವಿಷಯ’ ಎಂದು ಬಂದರೆ ಮುಖ್ಯ ಸ್ವಿಚ್ಚಿನ ಭಾಗಕ್ಕೆ ಮರಳಿ ಹೋಗಿ. ನಂಟಿಲ್ಲದಿದ್ದರೆ ಅವರು ಹೇಳಿದ್ದು ಸರಿ, ಒಪ್ಪಿಕೊಳ್ಳಿ. ನಂಟಿದ್ದರೆ ಅದೇ ಉತ್ತರವನ್ನು ದೂರಿಗೆ ಲಗತ್ತಿಸಿ. ಆಸಾಮಿಯ ತಾಯಿ ಫೋನ್ ಮಾಡಿ ಅತ್ತರೆ, ಆ ಫೋನನ್ನು ಹೇಗೆ ಇಡಬೇಕೆಂಬುದಕ್ಕೆ ಯಾವ ಕೈಪಿಡಿಯಲ್ಲೂ ಪುಟವಿಲ್ಲ.

ಎರಡನೇ ಪತ್ರಕ್ಕೂ ಉತ್ತರ ಬಾರದಿದ್ದರೆ ಮೂರನೆಯದನ್ನು ಬರೆಯಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ, ಪ್ರತಿಯನ್ನು ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಒಯ್ಯಿರಿ. 1930 ಮುಖ್ಯವಾಗಿ ಹಣ ಕಳೆದುಕೊಂಡವರ ನಂಬರು, ಜೀವಭಯವಿದ್ದರೆ 112ಕ್ಕೆ ಕರೆ ಮಾಡಿ. ಠಾಣೆಯವರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರೆ, ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೋ ಎಫ್‌ಐಆರ್ ಕೇಳಿ. ಅಪರಾಧ ಸಂಜ್ಞೇಯವಾಗಿದ್ದರೆ ವ್ಯಾಪ್ತಿಯ ನೆಪ ಹೇಳಿ ಆಗುವುದಿಲ್ಲ ಎನ್ನುವ ಅಧಿಕಾರ ಅವರಿಗಿಲ್ಲ. ದೂರಿನ ಸ್ವೀಕೃತಿ ಕೈಗೆ ಬರುವವರೆಗೆ ಆ ಕುರ್ಚಿಯಿಂದ ಏಳಬೇಡಿ.